ಪಿ0171 ಬಂದ ತಕ್ಷಣ ಆಕ್ಸಿಜನ್ ಸೆನ್ಸರ್ ಹಾಕಿಸ್ಬೇಕಾ?

ಪ್ರಶ್ನೆ: ಸಾರ್ ನಮಸ್ಕಾರ, ನಮ್ದು ಮಂಡ್ಯ ಹತ್ರ ಹಳ್ಳಿ. 2016ರ ಪೆಟ್ರೋಲ್ ಕಾರು, 82 ಸಾವಿರ ಕಿಲೋಮೀಟರ್ ಓಡಿದೆ. ಮೂರು ವಾರದಿಂದ ಚೆಕ್ ಎಂಜಿನ್ ಲೈಟ್ ಹತ್ಕೊಂಡಿದೆ, ಮಿಣುಕಲ್ಲ, ಸುಮ್ನೆ ಉರೀತಾ ಇರುತ್ತೆ. ನಿಂತಾಗ ಎಂಜಿನ್ ಸಣ್ಣಗೆ ನಡುಗುತ್ತೆ, ಓಡಿಸುವಾಗ ಏನೂ ಗೊತ್ತಾಗಲ್ಲ. ಆನ್‌ಲೈನಲ್ಲಿ ಬ್ಲೂಟೂತ್ ಸ್ಕ್ಯಾನರ್ ತರಿಸಿ ಮೊಬೈಲಲ್ಲಿ ನೋಡ್ದೆ. ಪಿ0171, ಸಿಸ್ಟಂ ಟೂ ಲೀನ್ ಬ್ಯಾಂಕ್ 1 ಅಂತ ಒಂದು, ಪೆಂಡಿಂಗ್ ಅಂತ ಪಿ0300 ಇನ್ನೊಂದು. ಒಂದು ಗ್ಯಾರೇಜಲ್ಲಿ ಆಕ್ಸಿಜನ್ ಸೆನ್ಸರ್ ಹೋಗಿದೆ, ಏಳೂವರೆ ಸಾವಿರ ಆಗುತ್ತೆ ಅಂದ್ರು. ಇನ್ನೊಬ್ರು ಈಗ ಬರ್ತಿರೋ ಎಥನಾಲ್ ಪೆಟ್ರೋಲಿಂದ ಹಂಗೆ, ಏನೂ ಮಾಡಕ್ಕಾಗಲ್ಲ ಅಂದ್ರು. ನಮ್ಮ ಭಾಮೈದ ಅಳಿಸ್ಬಿಡಿ ಭಾವ ಅಂದ, ಅಳಿಸ್ದೆ, ನಾಲ್ಕು ದಿನಕ್ಕೆ ವಾಪಸ್ ಬಂತು. ವಾಪಸ್ ಬಂದ್ಮೇಲೆ ತೆಗ್ದ ಸ್ಕ್ರೀನ್‌ಶಾಟ್ ಕಳ್ಸಿದೀನಿ. ಗಾಡಿ ಕೊಟ್ಟಿಗೆ ಪಕ್ಕ ನಿಲ್ಸೋದು, ಇಲಿ ಕಾಟ ಇದೆ. ಈ ಆಪ್ ನಂಬಬಹುದಾ? ಮುಂದಿನ ವಾರ ಮನೆಯವ್ರನ್ನೆಲ್ಲ ಕರ್ಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗ್ಬೇಕು, ಹೋಗಬಹುದಾ?

ಉತ್ತರ: ನಮಸ್ಕಾರ. ಸ್ಕ್ರೀನ್‌ಶಾಟ್ ಕಳ್ಸಿದ್ದು ಬಹಳ ಒಳ್ಳೇದಾಯ್ತು, ಅದಿಲ್ದೆ ಇದ್ದಿದ್ರೆ ನಾನೂ ಕಣಿ ಹೇಳ್ಬೇಕಾಗ್ತಿತ್ತು. ನಿಮ್ಮ ಚಿಂತೆ ನನಗೆ ಅರ್ಥ ಆಗಿದ್ದು ಹಿಂಗೆ: ಮೂರು ಜನ ಮೂರು ಥರ ಹೇಳಿದಾರೆ, ಏಳೂವರೆ ಸಾವಿರ ಕೊಟ್ಟು ಆಮೇಲೂ ಲೈಟ್ ಉರಿದ್ರೆ ಏನ್ ಗತಿ ಅಂತ. ಆ ಭಯ ನ್ಯಾಯವಾಗೇ ಇದೆ, ಯಾಕಂದ್ರೆ ನೀವು ಕಳ್ಸಿರೋ ನಂಬರ್ ನೋಡಿದ್ರೆ ನಿಮ್ಮ ಆಕ್ಸಿಜನ್ ಸೆನ್ಸರ್ ಮೇಲೆ ನನಗೆ ಅನುಮಾನವೇ ಬರ್ತಿಲ್ಲ.

ಮೊದಲು ಒಂದು ಮಾತು. ಕೋಡ್ ಅನ್ನೋದು ಯಾವ ಪಾರ್ಟ್ ಕೆಟ್ಟಿದೆ ಅಂತ ಹೇಳಲ್ಲ. ಗಾಡಿ ಕಂಪ್ಯೂಟರ್, ಅಂದ್ರೆ ಇಸಿಯು, ಓಡ್ತಾ ಓಡ್ತಾನೇ ಒಂದಷ್ಟು ಟೆಸ್ಟ್ ಮಾಡ್ತಿರುತ್ತೆ, ಅದರಲ್ಲಿ ಯಾವ ಟೆಸ್ಟ್ ಫೇಲಾಯ್ತು ಅನ್ನೋದನ್ನಷ್ಟೇ ಕೋಡ್ ಹೇಳೋದು. ಪಿ0171 ಅಂದ್ರೆ ಮಿಶ್ರಣ ಲೀನ್, ಅಂದ್ರೆ ತೆಳು: ಎಂಜಿನ್ ಒಳಗೆ ಗಾಳಿ ಜಾಸ್ತಿ ಅಥವಾ ಪೆಟ್ರೋಲ್ ಕಮ್ಮಿ, ನಾನು ಎಷ್ಟು ಪೆಟ್ರೋಲ್ ಸೇರಿಸಿದ್ರೂ ಸರಿಹೋಗ್ತಿಲ್ಲ ಅಂತ. ಇದನ್ನ ಇಸಿಯುಗೆ ತಿಳಿಸಿದ್ದು ಯಾರು, ಅದೇ ಆಕ್ಸಿಜನ್ ಸೆನ್ಸರ್. ಹೊಗೆಯಲ್ಲಿ ಆಕ್ಸಿಜನ್ ಉಳ್ಕೊಂಡಿದೆ ನೋಡಪ್ಪ ಅಂತ ಅದು ಹೇಳ್ತು, ನಾವು ಅದನ್ನೇ ಕಿತ್ತು ಬಿಸಾಕಿದ್ರೆ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟವನನ್ನೇ ಒಳಗೆ ಹಾಕ್ದಂಗೆ. ಸೆನ್ಸರ್ ನಿಜವಾಗಿ ಕೆಟ್ಟಿದ್ರೆ ಸಾಮಾನ್ಯವಾಗಿ ಅದರದ್ದೇ ಬೇರೆ ಕೋಡುಗಳು ಬರ್ತವೆ, ಪಿ0130ರಿಂದ ಪಿ0135ರವರೆಗೆ ಇರೋವು, ಅದರಲ್ಲೂ ಪಿ0135 ಅಂದ್ರೆ ಸೆನ್ಸರ್ ಒಳಗಿನ ಹೀಟರ್ ಸರ್ಕ್ಯೂಟ್. ನಿಮ್ಮದ್ರಲ್ಲಿ ಅದ್ಯಾವ್ದೂ ಇಲ್ಲ.

ಆಪ್ ನಂಬಬಹುದಾ ಅಂದ್ರೆ, ಕೋಡ್ ನಂಬರನ್ನ ನಂಬಿ, ಅದರ ಕೆಳಗೆ "ರಿಪ್ಲೇಸ್ ಸೆನ್ಸರ್" ಅಂತ ಬರ್ದಿರೋದನ್ನ ನಂಬಬೇಡಿ. ನಂಬರ್ ಬರೋದು ಗಾಡಿಯಿಂದ, ಸಲಹೆ ಬರೋದು ಆಪ್ ಬರೆದವನ ತಲೆಯಿಂದ. ನಂಬರ್ ಓದೋದು ಕಷ್ಟ ಏನಿಲ್ಲ. ಮೊದಲನೇ ಅಕ್ಷರ ಪಿ ಇದ್ರೆ ಎಂಜಿನ್ ಗೇರ್‌ಬಾಕ್ಸ್ ಕಡೆದು, ಸಿ ಅಂದ್ರೆ ಎಬಿಎಸ್ ಸಸ್ಪೆನ್ಷನ್ ಥರದ್ದು, ಬಿ ಅಂದ್ರೆ ಏರ್‌ಬ್ಯಾಗ್ ಎಸಿ ಕಿಟಕಿ ಹಿಂಗೆ ಬಾಡಿ ಕಡೆದು, ಯು ಅಂದ್ರೆ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡೋದ್ರಲ್ಲಿ ತೊಂದರೆ. ಎರಡನೇದು ಸೊನ್ನೆ ಇದ್ರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಇದ್ರೆ ಆ ಕಂಪನಿಯವ್ರದ್ದೇ ಸ್ವಂತ ಕೋಡು, ಅದನ್ನ ಗೂಗಲ್ ಮಾಡಿ ಬೇರೆ ಕಂಪನಿ ಗಾಡಿಯ ಉತ್ತರ ಓದಿ ಗಾಬರಿ ಆಗ್ಬೇಡಿ. ಮೂರನೇದು ಯಾವ ಭಾಗ ಅಂತ, 1 ಅಂದ್ರೆ ಗಾಳಿ-ಪೆಟ್ರೋಲ್ ಲೆಕ್ಕ, 3 ಅಂದ್ರೆ ಇಗ್ನಿಷನ್ (ಕಿಡಿ) ಮತ್ತೆ ಮಿಸ್‌ಫೈರ್ (ಸಿಲಿಂಡರಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತದೇ ಇರೋದು), 4 ಅಂದ್ರೆ ಎಮಿಷನ್ ಸಾಮಾನು, 7 ಗೇರ್‌ಬಾಕ್ಸ್. ಇನ್ನು ಬ್ಯಾಂಕ್ 1 ಅಂದ್ರೇನು ಅಂತ ಬಹಳ ಜನ ಕೇಳ್ತಾರೆ, ನಮ್ಮ ಸಣ್ಣ ಗಾಡಿಗಳಲ್ಲಿ ಸಿಲಿಂಡರ್ ಎಲ್ಲ ಒಂದೇ ಸಾಲಲ್ಲಿ ಇರೋದ್ರಿಂದ ಇರೋದೇ ಒಂದು ಬ್ಯಾಂಕ್, ಎರಡನೇದು ಹುಡುಕಕ್ಕೆ ಹೋಗ್ಬೇಡಿ.

ನಮ್ಮ ದೇಶದಲ್ಲಿ ಬಿಎಸ್4 ಗಾಡಿಗಳಿಗೆ 2013ರ ಏಪ್ರಿಲ್ಲಿಂದ ಓಬಿಡಿ-2 (ಗಾಡಿ ತನ್ನನ್ನೇ ಟೆಸ್ಟ್ ಮಾಡ್ಕೊಂಡು ಕೋಡ್ ಕೊಡೋ ವ್ಯವಸ್ಥೆ) ಬಂದಿದೆ, ಹಂಗಾಗಿ ನಿಮ್ಮ 2016ರ ಗಾಡಿಗೆ ಆ 16 ಪಿನ್ನಿನ ಪೋರ್ಟ್ ಇದ್ದೇ ಇರುತ್ತೆ, ನೀವು ಹಾಕಿ ನೋಡಿದ್ದೂ ಅಲ್ಲೇ. ಆದ್ರೆ ಐನೂರು ಆರ್ನೂರು ರೂಪಾಯಿ ಸ್ಕ್ಯಾನರ್‌ಗೆ ಏರ್‌ಬ್ಯಾಗ್, ಎಬಿಎಸ್ ಕೋಡುಗಳು ಹೆಚ್ಚಾಗಿ ಕಾಣಲ್ಲ, ಆಪ್ ಕ್ಲೀನ್ ಅಂತ ತೋರ್ಸಿದ್ರೂ ಡ್ಯಾಶಲ್ಲಿ ಏರ್‌ಬ್ಯಾಗ್ ಲೈಟ್ ಉರೀತಿದ್ರೆ ಲೈಟೇ ನಿಜ. ಇನ್ನೊಂದು, ನೋಡಿದ್ ಮೇಲೆ ಸ್ಕ್ಯಾನರ್ ಕಿತ್ತಿಡಿ. ಆ ಪೋರ್ಟಿನ 16ನೇ ಪಿನ್ನಿಗೆ ಕೀ ತೆಗೆದ್ರೂ ಬ್ಯಾಟರಿ ಕರೆಂಟ್ ಬರ್ತಾನೇ ಇರುತ್ತೆ, ವಾರಗಟ್ಲೆ ಹಂಗೇ ಬಿಟ್ರೆ ಬ್ಯಾಟರಿ ಇಳಿಯುತ್ತೆ. ಬ್ಯಾಟರಿ ವೀಕಾದ್ರೆ ಇದ್ದಕ್ಕಿದ್ದಂಗೆ ಐದಾರು ಕೋಡ್ ಒಟ್ಟಿಗೆ ಉದುರ್ತವೆ, ಯು ಕೋಡುಗಳೂ ಸೇರ್ಕೊಂಡು. ಯಾರಾದ್ರೂ ಕೋಡುಗಳ ಉದ್ದ ಪಟ್ಟಿ ಕಳ್ಸಿದ್ರೆ ನಾನು ಮೊದಲು ಕೇಳೋದು ಬ್ಯಾಟರಿ ವೋಲ್ಟೇಜು: ರಾತ್ರಿ ನಿಂತ ಗಾಡಿಲಿ 12.6 ಹತ್ರ ಇರ್ಬೇಕು, 12.2 ಅಂದ್ರೆ ಅರ್ಧ ಖಾಲಿ ಅಂತ ಲೆಕ್ಕ.

ಈಗ ನಿಮ್ಮ ಸ್ಕ್ರೀನ್‌ಶಾಟಿಗೆ ಬರೋಣ, ನಿಜವಾದ ವಿಷಯ ಇರೋದೇ ಅಲ್ಲಿ. ಫ್ರೀಜ್ ಫ್ರೇಮ್ ಅಂತ ಒಂದು ಪುಟ ಇದ್ಯಲ್ಲ, ಕೋಡ್ ಬಿದ್ದ ಆ ಕ್ಷಣದಲ್ಲಿ ಗಾಡಿ ಏನ್ ಮಾಡ್ತಿತ್ತು ಅಂತ ಇಸಿಯು ಬರ್ದಿಟ್ಕೊಳ್ಳೋದು ಅದು. ನಿಮ್ಮದ್ರಲ್ಲಿ ಸ್ಪೀಡ್ ಸೊನ್ನೆ, ಆರ್‌ಪಿಎಂ 740, ಕೂಲೆಂಟ್ 89 ಡಿಗ್ರಿ, ಶಾರ್ಟ್ ಟರ್ಮ್ ಫ್ಯೂಯಲ್ ಟ್ರಿಮ್ ಪ್ಲಸ್ 6, ಲಾಂಗ್ ಟರ್ಮ್ ಪ್ಲಸ್ 20. ಅಂದ್ರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ, ಗಾಡಿ ನಿಂತು, ಐಡ್ಲಿಂಗಲ್ಲಿದ್ದಾಗ (ಆಕ್ಸಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡ್ತಿದ್ದಾಗ) ಕೋಡ್ ಬಿದ್ದಿದೆ. ನಿಂತಾಗ ನಡುಗುತ್ತೆ, ಓಡುವಾಗ ಏನೂ ಇಲ್ಲ ಅಂತ ನೀವು ಬರ್ದಿದ್ದಕ್ಕೂ ಇದಕ್ಕೂ ತಾಳೆ ಆಗುತ್ತೆ.

ಟ್ರಿಮ್ ಅಂದ್ರೆ ಇಷ್ಟೇ. ಇಷ್ಟು ಗಾಳಿಗೆ ಇಷ್ಟು ಪೆಟ್ರೋಲ್ ಅಂತ ಇಸಿಯು ಹತ್ರ ಒಂದು ಲೆಕ್ಕ ಇರುತ್ತೆ, ಆಕ್ಸಿಜನ್ ಸೆನ್ಸರ್ ನೋಡಿ ಅದರ ಮೇಲೆ ಎಷ್ಟು ಪರ್ಸೆಂಟ್ ಸೇರಿಸ್ತು ಅಥವಾ ಕಡಿಮೆ ಮಾಡ್ತು ಅನ್ನೋದೇ ಟ್ರಿಮ್. ಶಾರ್ಟ್ ಅನ್ನೋದು ಆ ಗಳಿಗೆದು, ಲಾಂಗ್ ಅನ್ನೋದು ಕಲಿತು ನೆನಪಿಟ್ಕೊಂಡಿರೋದು, ಎರಡನ್ನೂ ಕೂಡಿ ನೋಡ್ಬೇಕು. ಪ್ಲಸ್ ಮೈನಸ್ 10ರೊಳಗೆ ಇದ್ರೆ ತಲೆ ಕೆಡಿಸ್ಕೊಳೋದು ಬೇಡ, ಒಟ್ಟು 20-25 ದಾಟ್ತು ಅಂದ್ರೆ ಇಸಿಯು ಕೈ ಚೆಲ್ಲಿ ಲೈಟ್ ಹಾಕುತ್ತೆ. ನಿಮ್ಮದು 26.

ಎಥನಾಲ್ ವಿಷಯ ಇಲ್ಲೇ ಮುಗಿಸ್ಬಿಡ್ತೀನಿ, ಯಾಕಂದ್ರೆ ಆ ಇನ್ನೊಬ್ರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಶುದ್ಧ ಪೆಟ್ರೋಲಿಗೆ 1 ಭಾಗಕ್ಕೆ 14.7 ಭಾಗ ಗಾಳಿ ಬೇಕು (ತೂಕದ ಲೆಕ್ಕ), ಎಥನಾಲಲ್ಲೇ ಆಕ್ಸಿಜನ್ ಇರೋದ್ರಿಂದ ಇ10ಗೆ (ಹತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್) 14.1 ಹತ್ರ, ಇ20ಗೆ (ಇಪ್ಪತ್ತು ಪರ್ಸೆಂಟ್) 13.5 ಹತ್ರ ಸಾಕು. ಅಂದ್ರೆ ಇ10ಗೆ ಅಂತ ಸೆಟ್ ಮಾಡಿರೋ ಗಾಡಿಗೆ ಇ20 ಹಾಕಿದ್ರೆ ನಾಲ್ಕೈದು ಪರ್ಸೆಂಟ್ ಜಾಸ್ತಿ ಇಂಧನ ಬೇಕು, ಟ್ರಿಮ್ ಅಷ್ಟು ಮೇಲೆ ಹೋಗುತ್ತೆ. 26ಕ್ಕೆ ಹೋಗಲ್ಲ. ಮತ್ತೆ ಎಥನಾಲಿಂದಾನೇ ಆಗಿದ್ರೆ ನಿಂತಾಗ್ಲೂ ಓಡುವಾಗ್ಲೂ ಹೆಚ್ಚುಕಮ್ಮಿ ಒಂದೇ ಸಮ ಇರ್ಬೇಕಿತ್ತು. ಅದು ಮಾಡೋದೇನು ಅಂದ್ರೆ ಮೊದ್ಲೇ ಇದ್ದ ಸಣ್ಣ ತೊಂದರೆನ ಗೆರೆ ದಾಟಿಸುತ್ತೆ, ಮುಂಚೆ 19ಕ್ಕೆ ನಿಂತು ಲೈಟ್ ಉರಿಸದೇ ಇದ್ದದ್ದು ಈಗ 24 ಆಗಿ ಉರಿಸುತ್ತೆ. ಹಳೇ ಗಾಡಿಗಳಲ್ಲಿ ರಬ್ಬರ್ ಹೋಸು, ಗ್ಯಾಸ್ಕೆಟ್ಟು ಸ್ವಲ್ಪ ಬೇಗ ಹಾಳಾಗೋದೂ ಇದೆ. ಮಂಡ್ಯದವರಾಗಿ ಎಥನಾಲನ್ನ ಬೈಯೋದೂ ಕಷ್ಟವೇ ಬಿಡಿ, ನಮ್ಮ ಕಬ್ಬೇ ಅಲ್ವಾ ಟ್ಯಾಂಕಿಗೆ ಬಂದಿರೋದು.

ಹಂಗಾದ್ರೆ ಐಡ್ಲಿಂಗಲ್ಲಿ ಮಾತ್ರ ಯಾಕೆ? ಐಡ್ಲಿಂಗಲ್ಲಿ ಥ್ರಾಟಲ್, ಅಂದ್ರೆ ಎಂಜಿನ್ನಿಗೆ ಗಾಳಿ ಬಿಡೋ ಬಾಗಿಲು, ಹೆಚ್ಚುಕಮ್ಮಿ ಮುಚ್ಚಿರುತ್ತೆ, ಎಂಜಿನ್ ಎಳ್ಕೊಳೋ ಗಾಳಿನೇ ಕಮ್ಮಿ, ಆಗ ಎಲ್ಲೋ ಒಂದು ಹೋಸ್ ಸೀಳಿ ಕಳ್ಳ ಗಾಳಿ ಒಳಗೆ ಬಂದ್ರೆ ಒಟ್ಟು ಗಾಳಿಲಿ ಅದರ ಪಾಲು ದೊಡ್ಡದಾಗುತ್ತೆ. ಆಕ್ಸಲರೇಟರ್ ಒತ್ತಿದಾಗ ಸರಿ ದಾರಿಲಿ ಬರೋ ಗಾಳಿ ಎಷ್ಟೋ ಪಟ್ಟು ಹೆಚ್ಚಾಗುತ್ತೆ, ತೂತು ಅಷ್ಟೇ ಇರುತ್ತೆ, ಪಾಲು ಸಣ್ಣದಾಗಿ ಟ್ರಿಮ್ ಇಳಿಯುತ್ತೆ. ಇದಕ್ಕೆ ಉಲ್ಟಾ ಅಂದ್ರೆ ನಿಂತಾಗ ಸರಿ ಇದ್ದು ಲೋಡಲ್ಲಿ (ಏರು ಹತ್ತುವಾಗ, ಜೋರಾಗಿ ಎಳೆಯುವಾಗ) ಟ್ರಿಮ್ ಏರಿದ್ರೆ ಪೆಟ್ರೋಲ್ ಪಂಪು ವೀಕು, ಫಿಲ್ಟರ್ ಕಟ್ಕೊಂಡಿದೆ, ಅಥವಾ ಗಾಳಿ ಅಳೆಯೋ ಮಾಸ್ ಏರ್ ಫ್ಲೋ ಸೆನ್ಸರ್ ಕೊಳೆಯಾಗಿ ಗಾಳಿ ಕಮ್ಮಿ ತೋರಿಸ್ತಿದೆ ಅಂತ ಅನುಮಾನ ಪಡ್ಬೇಕು.

ಇಲ್ಲೊಂದು ಸೂಕ್ಷ್ಮ ಇದೆ, ಯೂಟ್ಯೂಬಲ್ಲಿ ಬಹಳ ಜನ ಇದನ್ನ ಹಾರಿಸ್ಬಿಡ್ತಾರೆ. ಈ ಕಳ್ಳ ಗಾಳಿ ಲೆಕ್ಕ ಸರಿಯಾಗಿ ಹೊಂದೋದು ಮಾಸ್ ಏರ್ ಫ್ಲೋ ಸೆನ್ಸರ್ ಇರೋ ಗಾಡಿಗೆ. ನಮ್ಮ ಕಡೆ ಎಷ್ಟೋ ಸಣ್ಣ ಕಾರುಗಳಲ್ಲಿ ಅದು ಇರಲ್ಲ, ಬದಲಿಗೆ ಮ್ಯಾಪ್ ಸೆನ್ಸರ್ ಅಂತ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಕೊಳವೆ) ಒಳಗಿನ ಒತ್ತಡ ಅಳೆಯೋದು ಇರುತ್ತೆ, ಅಂಥ ಗಾಡಿಲಿ ಹೋಸ್ ಸೀಳಿದ್ರೆ ಒತ್ತಡ ಏರಿದ್ದು ಸೆನ್ಸರ್‌ಗೂ ಗೊತ್ತಾಗಿ ಇಸಿಯು ಪೆಟ್ರೋಲೂ ಜಾಸ್ತಿ ಬಿಡುತ್ತೆ, ಆಗ ಲೀನ್ ಕೋಡ್ ಬರೋ ಬದಲು ಐಡ್ಲಿಂಗ್ ಏರ್ಕೊಂಡು ಕೂರೋದೇ ಜಾಸ್ತಿ. ನಿಮ್ಮ ಗಾಡಿ ಐಡ್ಲಿಂಗ್ 740ರಲ್ಲೇ ಇದೆ, ಏರಿಲ್ಲ, ಹಂಗಾಗಿ ನಿಮ್ಮದ್ರಲ್ಲಿ ಯಾವ ಸೆನ್ಸರ್ ಇದೆ ಅಂತ ನೋಡ್ಕೊಳ್ಬೇಕು. ಆಪಲ್ಲಿ ಏರ್ ಫ್ಲೋ ನಂಬರ್ ಬಂದ ಮಾತ್ರಕ್ಕೆ ಆ ಸೆನ್ಸರ್ ಇದೆ ಅಂತ ಅಲ್ಲ, ಕೆಲವು ಆಪ್ ಸುಮ್ನೆ ಲೆಕ್ಕ ಹಾಕಿ ತೋರಿಸ್ತವೆ. ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬದಿಂದ ಎಂಜಿನ್ನಿಗೆ ಹೋಗೋ ದಪ್ಪ ಪೈಪಿನ ಶುರುವಲ್ಲಿ ವೈರ್ ಕನೆಕ್ಟರ್ ಇರೋ ಸೆನ್ಸರ್ ಕೂತಿದ್ಯಾ ನೋಡಿ. ಇದ್ರೆ ಮುಂದೆ ಹೇಳೋದೆಲ್ಲ ನಿಮಗೆ ನೇರವಾಗಿ ಅನ್ವಯ. ಇಲ್ದಿದ್ರೆ ಮೊದಲ ಅನುಮಾನ ಎಕ್ಸಾಸ್ಟ್, ಅಂದ್ರೆ ಹೊಗೆ ಪೈಪ್ ಕಡೆಗೆ: ಮುಂದಿನ (ಎಂಜಿನ್ನಿಗೆ ಹತ್ರ ಇರೋ) ಆಕ್ಸಿಜನ್ ಸೆನ್ಸರ್‌ಗೂ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಜಾಯಿಂಟ್ ಬಿಟ್ಕೊಂಡಿದ್ರೆ ಹೊರಗಿನ ಗಾಳಿ ಒಳಗೆ ಎಳ್ಕೊಂಡು ಸೆನ್ಸರ್‌ಗೆ ಲೀನ್ ಅನ್ಸುತ್ತೆ, ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರೆ ಟಿಕ್ ಟಿಕ್ ಸದ್ದು, ಜಾಯಿಂಟ್ ಹತ್ರ ಮಸಿ ಕಲೆ ಸಿಗುತ್ತೆ.

ಈಗ ಮನೇಲಿ ಮಾಡೋ ಕೆಲಸ. ಇನ್ನೊಂದು ಸಲ ಕೋಡ್ ಅಳಿಸ್ಬೇಡಿ ದಯವಿಟ್ಟು. ಅಳಿಸಿದ್ರೆ ಫ್ರೀಜ್ ಫ್ರೇಮ್ ಹೋಗುತ್ತೆ, ಕಲಿತಿರೋ ಟ್ರಿಮ್ಮೂ ಹೆಚ್ಚಿನ ಗಾಡಿಗಳಲ್ಲಿ ಸೊನ್ನೆ ಆಗುತ್ತೆ, ಗ್ಯಾರೇಜಿನವನಿಗೆ ನೋಡಕ್ಕೆ ಏನೂ ಉಳಿಯಲ್ಲ. ನಾಲ್ಕು ದಿನ ಲೈಟ್ ಹೋಗಿತ್ತಲ್ಲ ಅಂದ್ರೆ, ಇಂಥ ಟೆಸ್ಟುಗಳು ಸಾಮಾನ್ಯವಾಗಿ ಒಂದರ ಹಿಂದೆ ಒಂದು ಎರಡು ಓಡಾಟದಲ್ಲಿ ಫೇಲಾದ ಮೇಲೇನೇ ಲೈಟ್ ಹತ್ತೋದು, ಒಂದೇ ಸಲ ಫೇಲಾಗಿದ್ರೆ ಪೆಂಡಿಂಗ್ ಅಂತ ಇರುತ್ತೆ. ತೊಂದರೆ ನಿಜವಾಗಿ ಸರಿಹೋದ್ರೆ ಮೂರು ಕ್ಲೀನ್ ಓಡಾಟದ ನಂತರ ಲೈಟ್ ತಾನೇ ಆರುತ್ತೆ, ನೀವು ಅಳಿಸೋದೇ ಬೇಡ. ಬ್ಯಾಟರಿ ವೈರ್ ಕಿತ್ತು ಹಾಕೋದೂ ಇದೇ ಕಥೆ, ಜೊತೆಗೆ ಸ್ಟೀರಿಯೋ ಸೆಟ್ಟಿಂಗೂ ಹೋಗುತ್ತೆ ಅಷ್ಟೆ. (ಸೆಕೆಂಡ್ ಹ್ಯಾಂಡ್ ಗಾಡಿ ತಗೊಳೋರು ಇದನ್ನ ನೆನಪಿಟ್ಕೊಳಿ, ಆಪಲ್ಲಿ ರೆಡಿನೆಸ್ ಅಂತ, ಯಾವ ಟೆಸ್ಟ್ ಮುಗಿದಿದೆ ಅಂತ ತೋರ್ಸೋ ಪುಟ ಇರುತ್ತೆ, ಅದರಲ್ಲಿ ಬಹಳಷ್ಟು ಇನ್‌ಕಂಪ್ಲೀಟ್ ಅಂತ ಬಂದ್ರೆ ನೀವು ಬರೋ ಮುಂಚೆ ಯಾರೋ ಕೋಡ್ ಅಳಿಸಿದಾರೆ ಅಥವಾ ಬ್ಯಾಟರಿ ತೆಗ್ದಿದಾರೆ ಅಂತ.)

ಗಾಡಿನ ಬಯಲಲ್ಲಿ ನಿಲ್ಸಿ, ಮುಚ್ಚಿದ ಶೆಡ್ಡಲ್ಲಿ ಬೇಡ, ಹೊಗೆಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ವಾಸನೆ ಬರಲ್ಲ, ಪ್ರಾಣಕ್ಕೆ ಸಂಚಕಾರ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಎಸಿ ಆಫ್ ಮಾಡಿ, ಐಡ್ಲಿಂಗಲ್ಲಿ ಎರಡು ನಿಮಿಷ ಬಿಟ್ಟು ಎರಡೂ ಟ್ರಿಮ್ ಬರ್ಕೊಳಿ, ಆಮೇಲೆ 2500 ಆರ್‌ಪಿಎಂಗೆ ಏರಿಸಿ ಒಂದು ನಿಮಿಷ ಹಿಡ್ಕೊಂಡು ಮತ್ತೆ ಬರ್ಕೊಳಿ. 26 ಇದ್ದದ್ದು 10ರ ಕೆಳಗೆ ಇಳೀತು ಅಂದ್ರೆ ಕಳ್ಳ ಗಾಳಿ ಅಂತ ಮುಕ್ಕಾಲು ಪಾಲು ಖಾತ್ರಿ. ಇಳೀಲೇ ಇಲ್ಲ ಅಂದ್ರೆ ಲೋಡಲ್ಲೂ ನೋಡ್ಬೇಕು, ನಾನು ಮೈಸೂರಲ್ಲಿ ಅನುಮಾನದ ಗಾಡಿನ ಚಾಮುಂಡಿ ಬೆಟ್ಟ ಹತ್ತಿಸಿ ನೋಡೋದು, ಆ ಏರಲ್ಲಿ ಮೂರನೇ ಗೇರಲ್ಲಿ ಎಳೆಸಿದ್ರೆ ವೀಕ್ ಪಂಪು ಬಣ್ಣ ಬಯಲು ಮಾಡುತ್ತೆ. ಆದ್ರೆ ಮೊಬೈಲ್ ನೋಡೋದು ಪಕ್ಕದಲ್ಲಿ ಕೂತವರ ಕೆಲಸ, ಒಬ್ಬರೇ ಇದ್ರೆ ಆಪಲ್ಲಿ ರೆಕಾರ್ಡಿಂಗ್ ಹಾಕಿ ಆಮೇಲೆ ನೋಡಿ.

ಜೊತೆಗೆ ಸೆನ್ಸರ್ ನಿರ್ದೋಷಿನಾ ಅಂತಾನೂ ಅಲ್ಲೇ ನೋಡ್ಬಿಡಿ. ಲೈವ್ ಡೇಟಾದಲ್ಲಿ ಮುಂದಿನ ಆಕ್ಸಿಜನ್ ಸೆನ್ಸರ್ ವೋಲ್ಟೇಜ್ ತೆಗೀರಿ, ಹಳೇ ಥರದ ಸೆನ್ಸರ್ ಆದ್ರೆ 0.1ರಿಂದ 0.9 ಮಧ್ಯ ಓಡಾಡ್ತಿರುತ್ತೆ, ನಿಮ್ಮದು ಕೆಳಗಡೆನೇ ಜಾಸ್ತಿ ಇರಬಹುದು. ಆಕ್ಸಲರೇಟರ್ ಒಂದು ಸಲ ಜೋರಾಗಿ ಒತ್ತಿ ಬಿಡಿ, ಆ ಕ್ಷಣ 0.8ರ ಮೇಲೆ ಹಾರ್ತು ಅಂದ್ರೆ ಸೆನ್ಸರ್ ಬದುಕಿದೆ, ಇದ್ದದ್ದನ್ನ ಇದ್ದಂಗೆ ಹೇಳ್ತಿದೆ. ಎಷ್ಟು ಒತ್ತಿದ್ರೂ ಕದಲ್ದೆ ಕೂತಿದ್ರೆ ಆಗ ಗ್ಯಾರೇಜಿನವರ ಮಾತಿಗೆ ಬೆಲೆ ಕೊಡೋಣ. ಕೆಲವು ಗಾಡಿಲಿ ಮುಂದಿನದು ಬೇರೆ ಥರದ ಸೆನ್ಸರ್ ಇರುತ್ತೆ, ಅದಕ್ಕೆ ಈ ವೋಲ್ಟೇಜ್ ಲೆಕ್ಕ ನಡೆಯಲ್ಲ, ನಂಬರ್ ವಿಚಿತ್ರವಾಗಿ ಕಂಡ್ರೆ ತಲೆ ಕೆಡಿಸ್ಕೊಳ್ದೆ ಬಿಟ್ಬಿಡಿ.

ಆಮೇಲೆ ಎಂಜಿನ್ ಆಫ್ ಮಾಡಿ ತಣ್ಣಗಾದ ಮೇಲೆ ಟಾರ್ಚ್ ತಗೊಂಡು ಹೋಸುಗಳನ್ನ ನೋಡಿ. ನೀವು ಇಲಿ ಕಾಟ ಅಂತ ಕೊನೇಲಿ ಒಂದು ಮಾತು ಬರ್ದಿದೀರಲ್ಲ, ನಾನಾಗಿದ್ರೆ ಅದನ್ನೇ ಮೊದಲು ಬರೀತಿದ್ದೆ. ಗದ್ದೆ, ಆಲೆಮನೆ, ಕೊಟ್ಟಿಗೆ ಪಕ್ಕ ನಿಲ್ಲೋ ಗಾಡಿಗಳಿಗೆ ಮಂಡ್ಯ ಕಡೆ ಇಲಿಗಿಂತ ದೊಡ್ಡ ಶತ್ರು ಇಲ್ಲ, ಭತ್ತ ಕೊಯ್ಲಾದ ಮೇಲಂತೂ ಬೆಚ್ಚಗಿರೋ ಬಾನೆಟ್ ಒಳಗೇ ಸಂಸಾರ ಹೂಡ್ತವೆ. ಏರ್ ಫಿಲ್ಟರ್ ಡಬ್ಬದಿಂದ ಥ್ರಾಟಲ್ ತನಕ ಹೋಗೋ ಸುಕ್ಕು ಸುಕ್ಕಿನ ರಬ್ಬರ್ ಪೈಪನ್ನ ಸುಕ್ಕು ಬಿಡಿಸಿ ಕೆಳಭಾಗನೂ ನೋಡಿ, ಸೀಳೋದು ಅಲ್ಲೇ. ಎಂಜಿನ್ ತಲೆಯಿಂದ ಇನ್‌ಟೇಕಿಗೆ ಹೋಗೋ ಪಿಸಿವಿ ಹೋಸು (ಎಂಜಿನ್ ಒಳಗಿನ ಆವಿನ ವಾಪಸ್ ಕಳ್ಸೋದು), ಬ್ರೇಕ್ ಬೂಸ್ಟರ್‌ಗೆ ಹೋಗೋ ದಪ್ಪ ಹೋಸು (ಇದು ಸೀಳಿದ್ರೆ ಬ್ರೇಕ್ ಪೆಡಲ್ಲೂ ಗಟ್ಟಿ ಅನ್ಸುತ್ತೆ, ಹಂಗಿದ್ರೆ ಗಾಡಿ ಓಡಿಸಲೇಬೇಡಿ), ಬೆರಳು ದಪ್ಪದ ಸಣ್ಣ ಹೋಸುಗಳು, ಇವನ್ನೆಲ್ಲ ಕೈಯಾಡಿಸಿ ನೋಡಿ. ಆಯಿಲ್ ಕ್ಯಾಪ್, ಡಿಪ್ ಸ್ಟಿಕ್ ಸರಿಯಾಗಿ ಕೂತಿವೆಯಾ ಅಂತಾನೂ ನೋಡಿ, ನಗಬೇಡಿ, ಆಯಿಲ್ ಚೇಂಜ್ ಮಾಡಿದ ಹುಡುಗ ಡಿಪ್ ಸ್ಟಿಕ್ ಅರ್ಧ ತೂರಿಸಿ ಬಿಟ್ಟಿದ್ದಕ್ಕೆ ಇದೇ ಕೋಡ್ ಬಂದ ಗಾಡಿಗಳು ನನ್ನ ಹತ್ರ ಬರ್ತವೆ.

ಕಣ್ಣಿಗೆ ಸಿಗ್ಲಿಲ್ಲ ಅಂದ್ರೆ ಎಂಜಿನ್ ಆನ್ ಮಾಡಿ ಸುಯ್ ಅಂತ ಸದ್ದು ಎಲ್ಲಿಂದ ಬರುತ್ತೆ ಕೇಳಿ, ಸಡಿಲ ಬಟ್ಟೆ, ಶಾಲು, ಕೈ ಎಲ್ಲ ಬೆಲ್ಟು ಫ್ಯಾನಿಂದ ದೂರ ಇರ್ಲಿ. ಅನುಮಾನದ ಜಾಗಕ್ಕೆ ಸ್ಪ್ರೇ ಬಾಟ್ಲಿಂದ ಸ್ವಲ್ಪ ನೀರು ಹೊಡೆದ್ರೆ ಒಂದು ಕ್ಷಣ ತೂತು ಮುಚ್ಚಿ ಐಡ್ಲಿಂಗ್ ಬದಲಾಗುತ್ತೆ, ಕಾಯಿಲು (ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡೋದು), ಕನೆಕ್ಟರ್ ಮೇಲೆ ಮಾತ್ರ ಬೀಳ್ಬಾರ್ದು. ವಿಡಿಯೋಗಳಲ್ಲಿ ಕಾರ್ಬ್ ಕ್ಲೀನರ್ ಹೊಡೀತಾರೆ, ಅದು ಕೆಲಸ ಮಾಡುತ್ತೆ, ಆದ್ರೆ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ರೆ ಬೆಂಕಿ ಹತ್ತೋದು ನಿಜ, ಮನೇಲಿ ಬೇಡ. ಪೆಟ್ರೋಲ್ ಲೈನ್ ಕೂಡ ಮನೇಲಿ ಬಿಚ್ಚಬೇಡಿ, ಒಳಗೆ ಪ್ರೆಷರ್ ಇರುತ್ತೆ. ಮಾಸ್ ಏರ್ ಫ್ಲೋ ಸೆನ್ಸರ್ ತೊಳೆಯೋದಾದ್ರೆ ಅದಕ್ಕಂತಲೇ ಬರೋ ಸ್ಪ್ರೇ ಮಾತ್ರ, ಬಟ್ಟೆ ಬ್ರಷ್ ಮುಟ್ಟಿಸ್ಬೇಡಿ, ಒಳಗಿನ ತಂತಿ ಬಹಳ ನಾಜೂಕು.

ಪಿ0300 ಬಗ್ಗೆ ಈಗ್ಲೇ ಸ್ಪಾರ್ಕ್ ಪ್ಲಗ್ಗು ಕಾಯಿಲು ಅಂತ ದುಡ್ಡು ಹಾಕ್ಬೇಡಿ. ಅದು ಯಾವ್ದೋ ಒಂದು ಸಿಲಿಂಡರ್ ಅಂತ ಹೇಳ್ತಿಲ್ಲ, ಅಲ್ಲೊಮ್ಮೆ ಇಲ್ಲೊಮ್ಮೆ ಮಿಸ್ ಆಗ್ತಿದೆ ಅಂತಿದೆ, ಮಿಶ್ರಣ ಇಷ್ಟು ತೆಳುವಾದ್ರೆ ನಿಂತಾಗ ಹಂಗಾಗೋದು ಸಹಜ. ಮೊದಲು 0171 ಸರಿಮಾಡಿ, ಇದು ತಾನೇ ಹೋದ್ರೂ ಹೋಯ್ತು. ಅದು ಮುಂದೆ ಪಿ0302 ಥರ ಒಂದೇ ಸಿಲಿಂಡರ್‌ಗೆ ತಿರುಗಿದ್ರೆ ಆಗ ಎರಡನೇ ಸಿಲಿಂಡರ್ ಕಾಯಿಲನ್ನ ಮೂರನೇದಕ್ಕೆ ಬದಲಿಸಿ ನೋಡೋದು, ಕೋಡ್ 0303 ಆದ್ರೆ ಕಾಯಿಲೇ ಕಳ್ಳ. ಎಮಿಷನ್ ಸರ್ಟಿಫಿಕೇಟ್ ಸಿಕ್ತಲ್ಲ, ಗಾಡಿ ಸರಿ ಇದೆ ಅಂತ ಯಾರಾದ್ರೂ ಹೇಳಿದ್ರೆ ಅದನ್ನೂ ನಂಬಬೇಡಿ, ಲೀನ್ ಓಡೋ ಗಾಡಿಲಿ ಕಾರ್ಬನ್ ಮಾನಾಕ್ಸೈಡ್ ಕಮ್ಮಿನೇ ಬರೋದು.

ಮಾದಪ್ಪನ ಬೆಟ್ಟದ ವಿಷಯ. ಲೈಟ್ ಸ್ಥಿರವಾಗಿ ಉರೀತಿದೆ ಅಂದ್ರೆ ಗ್ಯಾರೇಜಿಗೆ, ಪೇಟೆಗೆ ಓಡಾಡಕ್ಕೆ ಭಯ ಇಲ್ಲ. ಮಿಣುಕಕ್ಕೆ ಶುರುವಾದ್ರೆ ಕಥೆ ಬೇರೆ, ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸುಡ್ತಿದೆ ಅಂತ ಅರ್ಥ, ತಕ್ಷಣ ಆಕ್ಸಲರೇಟರ್ ಬಿಟ್ಟು ಪಕ್ಕಕ್ಕೆ ನಿಲ್ಸಿ, ಆ ಕನ್ವರ್ಟರ್ ಬೆಲೆ ಮುಂದೆ ನಿಮ್ಮ ಏಳೂವರೆ ಸಾವಿರ ಚಿಲ್ಲರೆ. (ಕೆಂಪು ಆಯಿಲ್ ಲೈಟು, ಟೆಂಪರೇಚರ್ ಲೈಟು ಬಂದ್ರೆ ಸ್ಕ್ಯಾನರ್ ಹುಡುಕ್ತಾ ಕೂರದೆ ಮೊದಲು ಎಂಜಿನ್ ಆಫ್ ಮಾಡಿ.) 2500ರಲ್ಲಿ ಟ್ರಿಮ್ ಇಳಿದು, ಹೋಸ್ ಸಿಕ್ಕಿ ಬದಲಾಯಿಸಿ, ಎರಡು ದಿನ ಓಡಿಸಿ ನಂಬರ್ 10ರೊಳಗೆ ಬಂತು ಅಂದ್ರೆ ಧಾರಾಳವಾಗಿ ಹೋಗ್ಬನ್ನಿ. ಕಾರಣ ಸಿಗದೇ ಇದ್ರೆ, ಅದರಲ್ಲೂ ಲೋಡಲ್ಲಿ ಟ್ರಿಮ್ ಏರ್ತಿದ್ರೆ, ಮನೆಯವ್ರನ್ನೆಲ್ಲ ತುಂಬ್ಕೊಂಡು ಆ ಘಾಟಿ ಹತ್ತೋದು ಬೇಡ, ಈ ಸಲ ಬೇರೆ ಗಾಡಿ ಮಾಡ್ಕೊಂಡು ಹೋಗಿ. ಸೆನ್ಸರ್ ಹಾಕಿಸ್ಕೊಂಡು ಹೋಗೋದು ಅನ್ನೋ ದಾರಿನೂ ಇದೆ, ಅದರಲ್ಲಿ ಅಪಾಯ ಏನಂದ್ರೆ ಹೊಸ ಸೆನ್ಸರ್ ಹಾಕಿ ಕೋಡ್ ಅಳಿಸ್ತಾರೆ, ನಿಮಗೆ ನಾಲ್ಕು ದಿನ ಸರಿಹೋಗಿದೆ ಅನ್ಸುತ್ತೆ, ಆ ನಾಲ್ಕನೇ ದಿನ ನೀವು ಬೆಟ್ಟದಲ್ಲಿರ್ತೀರ.

ಗ್ಯಾರೇಜಿಗೆ ಹೋಗೋದಾದ್ರೆ "ಸೆನ್ಸರ್ ಚೆಕ್ ಮಾಡಿ" ಅನ್ಬೇಡಿ. ಐಡ್ಲಿಂಗಲ್ಲಿ ಟ್ರಿಮ್ 26 ಇದೆ, 2500ರಲ್ಲಿ ಇಷ್ಟಿದೆ, ಇನ್‌ಟೇಕಿಗೆ ಸ್ಮೋಕ್ ಟೆಸ್ಟ್ ಮಾಡಿ ಅನ್ನಿ. ಇನ್‌ಟೇಕ್ ಒಳಗೆ ಹೊಗೆ ಬಿಟ್ರೆ ತೂತಿದ್ದ ಕಡೆ ಹೊರಗೆ ಬರುತ್ತೆ, ಕಣ್ಣಾರೆ ನೋಡಬಹುದು. ಆ ಮಷೀನ್ ಎಲ್ಲ ಕಡೆ ಇರಲ್ಲ, ಫೋನ್ ಮಾಡಿ ಕೇಳ್ಕೊಂಡು ಹೋಗಿ. ಅಲ್ಲೂ ಲೀಕ್ ಸಿಗ್ಲಿಲ್ಲ ಅಂದ್ರೆ ಗೇಜ್ ಹಾಕಿ ಫ್ಯೂಯಲ್ ಪ್ರೆಷರ್ ನೋಡಿ ಅನ್ನಿ. ಯಾವ ಪಾರ್ಟ್ ಬದಲಾಯಿಸಿದ್ರೂ ಹಳೇದನ್ನ ವಾಪಸ್ ಇಸ್ಕೊಳಿ, ಬಿಲ್ ಕೊಡೋ ಮುಂಚೆ ಅಲ್ಲೇ ಎಂಜಿನ್ ಬಿಸಿ ಮಾಡಿಸಿ ನಿಮ್ಮ ಮೊಬೈಲಲ್ಲಿ ಎರಡೂ ಟ್ರಿಮ್ ಕೂಡಿ ನೋಡಿ. ಕೋಡ್ ಅಳಿಸಿದ್ರೆ ಲಾಂಗ್ ಟರ್ಮ್ ಸೊನ್ನೆ ತೋರ್ಸುತ್ತೆ, ಅದನ್ನ ನೋಡಿ ಖುಷಿ ಪಡ್ಬೇಡಿ, ಆಗ ಶಾರ್ಟ್ ಟರ್ಮ್ ಮತ್ತೆ ಪ್ಲಸ್ 20ಕ್ಕೆ ಓಡ್ತಾ ಇದ್ರೆ ಕೆಲಸ ಆಗಿಲ್ಲ ಅಂತ ಅಲ್ಲೇ ಹೇಳಿ.